ಕೂಲಿ, ಮುಯ್ಯಿ, ದಾನ: ಒಂದು ಮಣ್ಣಿನ ಮನೆಯ ಲೆಕ್ಕ

ನಮ್ಮ ಆಚಾರಗ್ರಂಥಗಳು ಗೃಹಸ್ಥನನ್ನು ಗುರುತಿಸುವುದು ಅವನ ಮನೆಯಿಂದಲೇ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಿಗಳನ್ನು ಅಗಾರಿ, ಅನಗಾರ ಎಂದು ಎರಡು ಬಗೆಯಾಗಿ ವಿಂಗಡಿಸುತ್ತದೆ. ಅಗಾರವೆಂದರೆ ಮನೆ. ಮನೆಯುಳ್ಳವನು ಶ್ರಾವಕ, ಮನೆಯನ್ನು ತೊರೆದವನು ಮುನಿ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಮುನಿಧರ್ಮವನ್ನು ಹೇಳುವ ಗ್ರಂಥಕ್ಕೆ ಅನಗಾರಧರ್ಮಾಮೃತವೆಂದೂ ಶ್ರಾವಕಧರ್ಮವನ್ನು ಹೇಳುವ ಗ್ರಂಥಕ್ಕೆ ಸಾಗಾರಧರ್ಮಾಮೃತವೆಂದೂ ಹೆಸರಿಟ್ಟರು. ಆದುದರಿಂದ ಶ್ರಾವಕನೊಬ್ಬನು ಎಂಥ ಮನೆಯನ್ನು ಕಟ್ಟುತ್ತಾನೆ, ಎಷ್ಟು ಕಟ್ಟುತ್ತಾನೆ, ಯಾರ ಕೈಯಿಂದ ಕಟ್ಟಿಸುತ್ತಾನೆ ಎಂಬುದು ಕೇವಲ ಲೌಕಿಕ ವ್ಯವಹಾರವಲ್ಲ. ಅವನ ವ್ರತದ ಒಳಗಿನ ಪ್ರಶ್ನೆಯೇ ಆಗಿದೆ.

ಮೈಲಾರದ ಸಮೀಪದಲ್ಲಿರುವ ನನ್ನ ಮಸಾರಿ ಹೊಲದಲ್ಲಿ, ವಿದ್ಯುತ್ ತಂತಿಯ ಹಂಗಿಲ್ಲದ, ಕೊಳವೆಬಾವಿಯ ಹಂಗಿಲ್ಲದ ಒಂದು ಸಣ್ಣ ಮಣ್ಣಿನ ಮನೆಯನ್ನು 2023ರಲ್ಲಿ ಗೆಳೆಯರ ನೆರವಿನಿಂದ ಕಟ್ಟಿದೆ. ಅಂಗಡಿಯ ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿದ ಬಳಿಕ ಸ್ವಾಧ್ಯಾಯಕ್ಕೂ ಸಾಮಾಯಿಕಕ್ಕೂ ಗದ್ದಲವಿಲ್ಲದ ಸ್ಥಳವೊಂದು ಬೇಕೆನಿಸಿತ್ತು. ವಿಷಯ ತಿಳಿದ ನನ್ನ ಧರ್ಮಪತ್ನಿ ಕೇಳಿದ ಮಾತು ಒಂದೇ: "ಇದ್ದ ಮನಿ ಬಿಟ್ಟು ಇನ್ನೊಂದು ಮನಿ ಕಟ್ಟಿದ್ರ ಅದು ತ್ಯಾಗ ಹೆಂಗಾಗತೈತ್ರಿ?" ಮಗನ ಪ್ರಶ್ನೆ ಬೇರೆಯಾಗಿತ್ತು. ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆಯ ಮಾತು ಎಲ್ಲೆಡೆ ನಡೆದಿದ್ದ ವರ್ಷ ಅದು. ತಿಂಗಳಿಗೆ 200 ಯೂನಿಟ್‌ಗಳವರೆಗೆ ವಿದ್ಯುತ್ತು ಉಚಿತವಾಗಿ ದೊರೆಯುವಾಗ ಅದಿಲ್ಲದೆ ಇರುವ ಹಟವೇಕೆ ಎಂದು ಅವನು ಕೇಳಿದನು. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಂತೆ ಮೂರನೆಯದೊಂದು ಪ್ರಶ್ನೆ ಎದುರಾಯಿತು. ಅದು ಗೆಳೆಯರ ಶ್ರಮದ ಲೆಕ್ಕ. ಈ ಲೇಖನದ ಮುಖ್ಯ ವಿಷಯವೂ ಅದೇ.

ಮೊದಲು ಪತ್ನಿಯ ಪ್ರಶ್ನೆ. ಪರಿಗ್ರಹ ಪರಿಮಾಣ ವ್ರತದಲ್ಲಿ ಶ್ರಾವಕನು ತಾನೇ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳಲ್ಲಿ ಕ್ಷೇತ್ರ ಮೊದಲನೆಯದು, ವಾಸ್ತು ಎರಡನೆಯದು. ಎಂದರೆ ಹೊಲ, ಅನಂತರ ಮನೆ. ಬೆಳ್ಳಿ ಬಂಗಾರಗಳು ಆಮೇಲೆ ಬರುತ್ತವೆ. ಮಿತಿ ಹಾಕಿಕೊಂಡವನು ಉಪಾಯದಿಂದ ಅದನ್ನು ಮೀರುವ ಬಗೆಯನ್ನೂ ಆಶಾಧರರು ಗಮನಿಸಿದ್ದಾರೆ. ಪಕ್ಕದ ಮನೆಯನ್ನು ಕೊಂಡು ನಡುವಣ ಗೋಡೆ ಕೆಡವಿ ಎರಡನ್ನೂ ಒಂದೆಂದು ಎಣಿಸುವುದು, ಹೊಲಗಳ ನಡುವಣ ಬೇಲಿ ಕಿತ್ತು ಒಂದೇ ಹೊಲವೆನ್ನುವುದು ಅತಿಚಾರವೇ ಎಂಬುದು ಅವರ ಅಭಿಪ್ರಾಯ. ಏಳುನೂರು ವರ್ಷಗಳಿಗೂ ಹಿಂದೆ ವ್ಯಾಪಾರಿಯ ಮನಸ್ಸನ್ನು ಅವರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! ಹೊಲದ ಗುಡಿಸಿಲು ಮನೆಯಲ್ಲ, ಅದು ಹೊಲದ ಭಾಗವೇ ಎಂದು ವಾದಿಸಲು ನನಗೂ ಅವಕಾಶವಿತ್ತು. ಆದರೆ ನಾನು ಹಾಕಿಕೊಂಡಿದ್ದ ಮಿತಿ ಎರಡು ಕಟ್ಟಡ: ವಾಸದ ಮನೆ ಮತ್ತು ಹಳೆಯ ಗೋದಾಮು. ಗೋದಾಮನ್ನು ಬಿಚ್ಚಿಸಿ, ಅದರ ಜಾಗವನ್ನು ಮಾರಿದೆ. ಬಂದ ಹಣವು ಧನದ ಮಿತಿಯನ್ನು ಮೀರುತ್ತಿದ್ದುದರಿಂದ ಮೀರಿದಷ್ಟನ್ನು ದಾನದ ಖಾತೆಗೆ ಬರೆದೆ. ಗೋದಾಮಿನ ತೊಲೆ, ಜಂತಿ, ಮಂಗಳೂರು ಹೆಂಚುಗಳು ಹೊಲಕ್ಕೆ ಬಂದವು. ಕಟ್ಟಡಗಳ ಸಂಖ್ಯೆ ಎರಡೇ ಉಳಿಯಿತು. "ಹಂಗಾದ್ರ ಸರಿ" ಎಂದು ಪತ್ನಿ ಒಪ್ಪಿದಳು; ತ್ಯಾಗವೆಂದು ಮಾತ್ರ ಅವಳು ಇಂದಿಗೂ ಒಪ್ಪಿಲ್ಲ.

ಇನ್ನು ಕಟ್ಟಡದ ವಿಚಾರ. ನಮ್ಮ ಹಿರಿಯರು ದೇವರಿಗೆ ಕಲ್ಲು, ಮನುಷ್ಯರಿಗೆ ಮಣ್ಣು ಎಂದು ಭಾವಿಸಿದ್ದರೆಂದು ತೋರುತ್ತದೆ. ಇದೇ ವಿಜಯನಗರ ಜಿಲ್ಲೆಯ ಹಂಪೆಯಲ್ಲಿ, ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥು ಜಿನಾಲಯವು ಇಂದಿಗೂ ಕಲ್ಲಿನಲ್ಲಿ ನಿಂತಿದೆ. ಅರಸರು ವಾಸಿಸಿದ ಅರಮನೆಗಳ ಕಲ್ಲಿನ ಜಗತಿಗಳು ಮಾತ್ರ ಉಳಿದಿವೆ. ಮೇಲಿನ ಮರಮುಟ್ಟುಗಳೆಲ್ಲ ಅಳಿದುಹೋಗಿವೆ. ಹಡಗಲಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಕಲ್ಲಿನ ಬುನಾದಿ, ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆಗಳು ನನ್ನ ಬಾಲ್ಯದಲ್ಲಿ ಸಾಮಾನ್ಯವಾಗಿದ್ದವು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರ್ಶ ಮನೆಯ ಸಾಮಗ್ರಿ ಐದು ಮೈಲಿಯ ಸುತ್ತಳತೆಯಲ್ಲಿಯೇ ದೊರೆಯಬೇಕೆಂಬ ಗಾಂಧೀಜಿಯವರ ಮಾತನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಜೀವನಪೂರ್ತಿ ನೆನೆಯುತ್ತಿದ್ದರು. ನಮ್ಮ ಹಳೆಯ ಮಾಳಿಗೆ ಮನೆಗಳು ಆ ಮಾತನ್ನು ಕೇಳದೆಯೇ ಪಾಲಿಸಿದ್ದವು.

ನಾವು ಆರಿಸಿಕೊಂಡ ಅಳತೆ ಒಳಗೆ 15 ಅಡಿ ಉದ್ದ, 12 ಅಡಿ ಅಗಲ. ಎರೆಭೂಮಿಯು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಗೋಡೆ ಸೀಳುತ್ತದೆ; ಆದುದರಿಂದ ಗರಸಿನ ಮರಡಿಯ ಮೇಲೆ ಜಾಗ ಹಿಡಿದೆವು. ಮೈಲಾರಲಿಂಗೇಶ್ವರನ ಭರತ ಹುಣ್ಣಿಮೆಯ ಜಾತ್ರೆ ಮುಗಿದ ಮೇಲೆ ಕೆಲಸ ಆರಂಭಿಸಿದೆವು. ಇದಕ್ಕೆ ಎರಡು ಕಾರಣಗಳಿದ್ದವು. ಕಾರ್ಣಿಕ ಕೇಳಲು ಬಂಡಿ ಕಟ್ಟಿಕೊಂಡು ಬಂದ ಜನರ ಗುಂಪು ಕರಗುವವರೆಗೆ ನಮ್ಮ ಕಡೆ ಯಾವ ಕೆಲಸವೂ ನಡೆಯುವುದಿಲ್ಲ. ಎರಡನೆಯದಾಗಿ, ಒಣ ನೆಲವನ್ನು ಅಗೆಯುವಾಗ ಆಗುವ ಜೀವಹಾನಿ ಹಸಿ ನೆಲವನ್ನು ಅಗೆಯುವಾಗ ಆಗುವುದಕ್ಕಿಂತ ಕಡಿಮೆ. ಮನೆ ಕಟ್ಟುವುದರಲ್ಲಿ ಆರಂಭೀ ಹಿಂಸೆ ತಪ್ಪಿದ್ದಲ್ಲ. ಋತುವನ್ನು ಅರಿತು ಅದನ್ನು ತಗ್ಗಿಸುವುದು ಶ್ರಾವಕನ ಕೈಯಲ್ಲಿದೆ.

ಗೋಡೆಗೆ ಸುಡದ ಹಸಿ ಇಟ್ಟಿಗೆಯನ್ನೇ ಬಳಸಿದೆವು. ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಶ್ರಾವಕನು ತೊರೆಯಬೇಕಾದ ಜೀವನೋಪಾಯಗಳನ್ನು ಹೇಳುವಾಗ ಇಟ್ಟಿಗೆ ಸುಡುವುದನ್ನೂ ಸೇರಿಸಿದ್ದಾರೆ. ಹೊಲದ ಮಣ್ಣಿಗೆ ಹೊಟ್ಟು ಬೆರೆಸಿ, ತುಳಿದು, ಮರದ ಅಚ್ಚಿನಲ್ಲಿ ಹಾಕಿ, ಮೂರು ವಾರ ಬಿಸಿಲಿಗೆ ಒಣಗಿಸಿದರೆ ಸೌದೆಯೂ ಬೇಡ, ಭಟ್ಟಿಯೂ ಬೇಡ. ಗೆದ್ದಲಿಗೆ ವಿಷ ಸುರಿಯುವ ಬದಲು ಎರಡು ಅಡಿ ಎತ್ತರದ ಕಲ್ಲಿನ ಕಟ್ಟೆಯ ಮೇಲೆ ಚಪ್ಪಡಿಗಳನ್ನು ಅಂಚು ಹೊರಚಾಚುವಂತೆ ಹಾಸಿದೆವು. ಗೆದ್ದಲು ಮೇಲೇರಬೇಕಾದರೆ ಆ ಅಂಚನ್ನು ಬಳಸಿ ಮಣ್ಣಿನ ದಾರಿ ಕಟ್ಟಲೇಬೇಕು. ಅದು ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಸುತ್ತ ನೋಡಿ, ಆರಂಭದಲ್ಲಿಯೇ ಆ ದಾರಿಯನ್ನು ತಪ್ಪಿಸಿದರೆ ಸಾಕು.

ಮಾಳಿಗೆಯ ಮೇಲೆ ಕರಲು ಮಣ್ಣು. ಇದು ಬೆಳೆ ಬಾರದ ಉಪ್ಪಿನಂಶದ ಮಣ್ಣು. ಅದರಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ; ನೀರು ಒಳಗಿಳಿಯದು. ರೈತನಿಗೆ ಬೇಡವಾದ ಮಣ್ಣೇ ಮಾಳಿಗೆಗೆ ಬೇಕಾದ ಮಣ್ಣು. ಆದರೆ ಮಣ್ಣಿನ ಮಾಳಿಗೆಯಿಂದ ಕುಡಿಯುವ ನೀರು ಹಿಡಿಯಲಾಗದು. ಅದಕ್ಕಾಗಿ ಮುಂದೆ 15 ಅಡಿ ಉದ್ದ, 8 ಅಡಿ ಅಗಲದ ಪಡಸಾಲೆಗೆ ಗೋದಾಮಿನ ಹಳೆಯ ಹೆಂಚು ಹೊದಿಸಿದೆವು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಪಡಸಾಲೆಯ ವಿಸ್ತಾರ ಸುಮಾರು 11 ಚದರ ಮೀಟರ್. ನಮ್ಮ ಸೀಮೆಯ ಮಳೆಯನ್ನು ವರ್ಷಕ್ಕೆ 600 ಮಿಲಿಮೀಟರ್ ಎಂದು ಹಿಡಿದು, ಐದನೆಯ ಒಂದು ಭಾಗ ವ್ಯರ್ಥವಾಯಿತೆಂದರೂ 5,000 ಲೀಟರಿಗೆ ಕಡಿಮೆಯಿಲ್ಲ. ಒಬ್ಬನ ಕುಡಿಯುವ ನೀರಿಗೂ ಅಡಿಗೆಗೂ ಇದು ಸಾಕು.

ಇಲ್ಲಿ ನನಗೆ ಸಮಾಧಾನ ತಂದ ಸಂಗತಿಯೊಂದಿದೆ. ನೀರನ್ನು ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ನೀರಿನ ನೆಲೆಗೆ ಮರಳಿಸಬೇಕೆಂಬುದು ನಮ್ಮ ಆಚಾರ. ಸೇದುವ ಬಾವಿ ಇದ್ದಾಗ ಅದು ಸುಲಭವಾಗಿತ್ತು. ಕೊಳವೆಬಾವಿಯೂ ನಲ್ಲಿಯೂ ಬಂದ ಮೇಲೆ ಸೋಸುವುದು ಉಳಿಯಿತು, ಮರಳಿಸುವುದು ನಿಂತಿತು. ಮಳೆನೀರಿನ ತೊಟ್ಟಿಯ ಮುಂದೆ ನಿಂತಾಗ ಆ ಆಚಾರದ ಎರಡನೆಯ ಅರ್ಧವೂ ಕೈಗೂಡುತ್ತದೆ. ಬೆಳಕಿನ ವಿಷಯವೂ ಹಾಗೆಯೇ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವವನಿಗೆ ರಾತ್ರಿ ಬೇಕಾಗುವ ಬೆಳಕು ಎಷ್ಟು? 40 ವ್ಯಾಟಿನ ಒಂದು ಸೌರ ಫಲಕವು ಬಿಸಿಲಿನ ದಿನ 160 ವ್ಯಾಟ್-ಗಂಟೆಯಷ್ಟು ವಿದ್ಯುತ್ತನ್ನು ಕೊಡುತ್ತದೆ. 5 ವ್ಯಾಟಿನ ಎರಡು ದೀಪಗಳು ಮೂರು ಗಂಟೆ ಉರಿದರೆ ತಗಲುವುದು 30 ಮಾತ್ರ. ಹಳದಿ ಬೆಳಕಿನ ದೀಪವಾದರೆ ಹುಳುಗಳೂ ಕಡಿಮೆ ಬರುತ್ತವೆ. ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಉಚಿತವೆಂಬುದು ಬೆಲೆಯ ಮಾತು, ಬೇಕೆಂಬುದು ಅಗತ್ಯದ ಮಾತು. 200 ಯೂನಿಟ್ ಉಚಿತವಾದರೂ ನನ್ನ ಅಗತ್ಯ ಒಂದು ತಿಂಗಳಿಗೆ ಒಂದು ಯೂನಿಟ್ಟಿನಷ್ಟಿದೆ.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಚಿಂತಕ ಥೋರೋ 1845ರಲ್ಲಿ ಕಾಂಕರ್ಡ್ ಊರಿನ ಬಳಿಯ ವಾಲ್ಡನ್ ಕೊಳದ ದಡದಲ್ಲಿ ತನ್ನ ಕೈಯಿಂದಲೇ ಪುಟ್ಟ ಮನೆ ಕಟ್ಟಿಕೊಂಡು ಎರಡು ವರ್ಷಗಳಿಗೂ ಮಿಕ್ಕಿ ವಾಸಿಸಿದ ಕಥೆ ಅನೇಕರಿಗೆ ಗೊತ್ತಿದೆ. ವ್ಯಾಪಾರಿಯಾದ ನನಗೆ ಆ ಪುಸ್ತಕದಲ್ಲಿ ಬಹಳ ಹಿಡಿಸಿದ್ದು ಅವನ ಲೆಕ್ಕದ ಪಟ್ಟಿ. ಹಲಗೆ, ಹಳೆಯ ಇಟ್ಟಿಗೆ, ಸುಣ್ಣ, ಮೊಳೆ ಎಲ್ಲ ಸೇರಿ 28 ಡಾಲರ್ 12½ ಸೆಂಟ್. ಅರ್ಧ ಸೆಂಟನ್ನೂ ಬಿಡದ ಲೆಕ್ಕವದು! ಆದರೆ ಆ ನೆಲ ಗೆಳೆಯ ಎಮರ್ಸನ್‌ನದು. ಕೊಡಲಿ ಎರವಲು ತಂದದ್ದು. ಮನೆಯ ಚೌಕಟ್ಟನ್ನು ಎತ್ತಿ ನಿಲ್ಲಿಸಿದ ದಿನ ಪರಿಚಿತರು ಬಂದು ಹೆಗಲು ಕೊಟ್ಟರು. ಇದನ್ನೆಲ್ಲ ಅವನೇ ಮರೆಮಾಚದೆ ಬರೆದಿದ್ದಾನೆ. ಪಟ್ಟಿಯಲ್ಲಿ ಮಾತ್ರ ಆ ತೋಳುಗಳಿಗೆ ಸಾಲು ಇಲ್ಲ.

ನನ್ನ ಖಾತೆ ಪುಸ್ತಕದಲ್ಲಿ ಆ ಸಾಲು ಇರಬೇಕೆಂದು ಮೊದಲ ದಿನವೇ ನಿಶ್ಚಯಿಸಿದೆ. ಮನೆ ಮುಗಿದಾಗ ಒಟ್ಟು 207 ಆಳಿನ ದಿನಗಳಾಗಿದ್ದವು. ಅವುಗಳಲ್ಲಿ ನನ್ನ ಕೈಯ ಕೆಲಸ 38 ದಿನ. ಸ್ವಹಸ್ತದಿಂದ ಕಟ್ಟಿದ ಮನೆಯೆಂದು ಯಾರಾದರೂ ಹೊಗಳಿದರೆ ನಾನು ಈ ಸಂಖ್ಯೆಯನ್ನು ಹೇಳುತ್ತೇನೆ. ಉಳಿದ 169 ದಿನಗಳನ್ನು ಮೂರು ಖಾತೆಗಳಾಗಿ ಬರೆದೆ: ಕೂಲಿ 112, ಮುಯ್ಯಿ 48, ದಾನ 9.

ಮುಯ್ಯಿ ಎಂಬುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋಗಿ, ಅಷ್ಟೇ ದಿನದ ದುಡಿಮೆಯನ್ನು ತಿರುಗಿ ಪಡೆಯುವ ಪದ್ಧತಿ ಅದು. ಹಸಿ ಇಟ್ಟಿಗೆ ಹಾಕಲು ಬಂದ ಒಕ್ಕಲುತನದ ಗೆಳೆಯನಿಗೆ, ನಿಮ್ಮ ದುಡಿಮೆಯನ್ನು ಯಾವ ಖಾತೆಗೆ ಬರೆಯಲಿ ಎಂದು ಕೇಳಿದೆ. ಅವರು ನಕ್ಕು ಹೇಳಿದರು: "ಸಾವ್ಕಾರ್ರ, ಕೂಲಿ ಕೊಟ್ರ ನಾನು ಆಳಾಗ್ತೀನಿ. ಮುಯ್ಯಿ ಅಂದ್ರ ನೀವೂ ಆಳಾಗ್ತೀರಿ, ನಾನೂ ಆಳಾಗ್ತೀನಿ." ಆ ಸಮಾನತೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಆ ವರ್ಷ ಅವರ ಮೆಕ್ಕೆಜೋಳದ ತೆನೆ ಮುರಿಯಲು ಹೋದೆ. ಅರವತ್ತು ದಾಟಿದ ನನ್ನ ಒಂದು ದಿನವು ಅವರ ಒಂದು ದಿನಕ್ಕೆ ಸಮವಲ್ಲವೆಂದು ಎರಡು ದಿನಕ್ಕೆ ಒಂದರಂತೆ ಬರೆಯಲು ಹೇಳಿದೆ, ಅವರು ಒಪ್ಪಲಿಲ್ಲ. ನಿವೃತ್ತ ಶಿಕ್ಷಕರಾದ ಇನ್ನೊಬ್ಬ ಗೆಳೆಯರು ತಮ್ಮ ಮುಯ್ಯಿಯನ್ನು ಬೇರೆ ರೂಪದಲ್ಲಿ ಕೇಳಿದರು: ಅವರ ಸಹಕಾರ ಸಂಘದ ಲೆಕ್ಕಪತ್ರಗಳನ್ನು ಸರಿಪಡಿಸಿಕೊಡಬೇಕೆಂದು. ಬಿ.ಕಾಂ. ಪದವಿ ಅಂದು ಗುದ್ದಲಿಯಷ್ಟೇ ಉಪಯೋಗಕ್ಕೆ ಬಂತು.

ದಾನದ ಖಾತೆಯ 9 ದಿನ ಎಂಬತ್ತು ದಾಟಿದ ಗೌಂಡಿಯೊಬ್ಬರದು. ಮಂಚದ ಮೇಲೆ ಕುಳಿತು, ಮೂಲೆಗಲ್ಲು ಹೇಗೆ ಕೂಡಬೇಕು, ಕರಲು ಮಣ್ಣಿಗೆ ಎಷ್ಟು ಇಳಿಜಾರು ಬೇಕು ಎಂದು ಹೇಳಿಕೊಟ್ಟರು. ಕೂಲಿ ಬೇಡವೆಂದರು, ಅವರು ಇನ್ನು ಮನೆ ಕಟ್ಟುವವರಲ್ಲವಾದುದರಿಂದ ಮುಯ್ಯಿ ತೀರಿಸುವುದಕ್ಕೂ ದಾರಿಯಿಲ್ಲ. ತೀರಿಸಲಾಗದುದನ್ನು ತೀರಿಸಿದಂತೆ ಬರೆಯಬಾರದು. ಅದು ದಾನವೆಂದೇ ಉಳಿಯಬೇಕು, ಪಡೆದವನಿಗೆ ನೆನಪಿರಬೇಕು.

ಕಷ್ಟವಾದುದು ಕೂಲಿಯ ಖಾತೆ. ಗಾರೆ ಕೆಲಸದವರಿಗೂ ಬಡಿಗರಿಗೂ ಊರಿನಲ್ಲಿ ನಡೆಯುವ ಕೂಲಿಯನ್ನು ಆಯಾ ಸಂಜೆಯೇ ಕೊಟ್ಟದ್ದಾಯಿತು, ಅದರಲ್ಲಿ ಚರ್ಚೆಯಿರಲಿಲ್ಲ. ಆದರೆ ನಮ್ಮ ಅಂಗಡಿಯಲ್ಲಿ ಹಮಾಲಿ ಮಾಡುವ ಯುವಕನೊಬ್ಬ ಹನ್ನೊಂದು ಭಾನುವಾರ ತಾನಾಗಿಯೇ ಬಂದು ಕಲ್ಲು ಹೊತ್ತನು. ಪ್ರೀತಿಯಿಂದಲೇ ಬಂದವನು. ಅವನ ದಿನಗಳನ್ನು ನಾನು ಕೂಲಿಯ ಖಾತೆಗೆ ಬರೆದು ಹಣ ಕೊಟ್ಟಾಗ ಅವನ ಮುಖ ಬಾಡಿತು. "ಅವ್ರೆಲ್ಲ ಗೆಳೆಯರು, ನಾನೊಬ್ಬ ಆಳು ಏನ್ರಿ ಯಜಮಾನ್ರ?" ಎಂದನು. ಈ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿತು.

ನಾನು ಅವನಿಗೆ ಹೇಳಿದ್ದು ಹೀಗೆ. ಗೆಳೆಯನು ಬರಲಾರೆ ಎಂದರೆ ಅವನ ಅನ್ನಕ್ಕೆ ಏನೂ ಆಗುವುದಿಲ್ಲ. ನೀನು ದುಡಿಯುವುದು ನನ್ನ ಮಕ್ಕಳ ಅಂಗಡಿಯಲ್ಲಿ. ನೀನು ಬರಲಾರೆ ಎನ್ನುವಷ್ಟು ಸ್ವತಂತ್ರನೇ ಎಂಬುದು ನನಗೆ ತಿಳಿಯದು. ನಿನಗೂ ಪೂರ್ತಿ ತಿಳಿಯದು. ಇಲ್ಲವೆನ್ನುವ ಸ್ವಾತಂತ್ರ್ಯ ಇಲ್ಲದೆಡೆ ಪಡೆದ ಶ್ರಮವನ್ನು ನಮ್ಮ ಹಿರಿಯರು ಬಿಟ್ಟಿ ಎಂದು ಕರೆದರು. ಮುಯ್ಯಿ ಎಂದು ಕರೆಯಲಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರ ಹೊರಿಸುವುದೂ ಅನ್ನಪಾನಗಳನ್ನು ತಡೆಯುವುದೂ ಸೇರಿವೆ. ನಾವು ಅವನ್ನು ಎತ್ತು ಕುದುರೆಗಳ ವಿಷಯದಲ್ಲಿ ಮಾತ್ರ ಓದುವ ರೂಢಿ ಬೆಳೆದಿದೆ. ದಿನಗೂಲಿಯವನ ವಾರದ ಒಂದೇ ಬಿಡುವನ್ನು ಸ್ನೇಹದ ಹೆಸರಿನಲ್ಲಿ ತೆಗೆದುಕೊಂಡು ಕೈಬರಿದಾಗಿ ಕಳುಹಿಸಿದರೆ, ಅದು ಆ ಎರಡು ಅತಿಚಾರಗಳಿಗೆ ಎಷ್ಟು ದೂರವಾದೀತು? ಹಣವನ್ನು ಅವನು ತೆಗೆದುಕೊಂಡನು. ಮರುವರ್ಷ ಅವನು ತನ್ನ ಮನೆಯ ಹಿಂಬದಿಯ ಗೋಡೆ ಎತ್ತಿದಾಗ ನಾನೂ ಶಿಕ್ಷಕ ಮಿತ್ರರೂ ನಾಲ್ಕು ದಿನ ಕಲ್ಲು ಮಣ್ಣು ಹೊತ್ತೆವು. ಅದಕ್ಕೆ ಯಾವ ಖಾತೆಯನ್ನೂ ತೆರೆಯಲಿಲ್ಲ. ಅಂದು ಅವನು ನಗುನಗುತ್ತಿದ್ದನು. ಆದರೂ ಅವನ ಮೊದಲ ಪ್ರಶ್ನೆಗೆ ನನ್ನ ಉತ್ತರ ಅವನಿಗೆ ಒಪ್ಪಿಗೆಯಾಗಿದೆಯೆಂದು ಹೇಳಲಾರೆ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ನಮ್ಮ ಬಸದಿಗಳ ಜೀರ್ಣೋದ್ಧಾರದಲ್ಲಿಯೂ ಉತ್ಸವಗಳ ಚಪ್ಪರ ಕೆಲಸದಲ್ಲಿಯೂ ಶ್ರಮದಾನವೆಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಶ್ರಾವಕನು ತನ್ನ ಶ್ರಮವನ್ನು ತಾನೇ ದಾನ ಮಾಡುವುದು ಪುಣ್ಯದ ಕೆಲಸ. ಆದರೆ ಅಂಗಡಿಯ ಆಳುಗಳನ್ನು, ಮನೆಗೆಲಸದವರನ್ನು, ಹೊಲದ ಕೂಲಿಕಾರರನ್ನು ಕರೆತಂದು ಅವರ ದಿನವನ್ನು ತನ್ನ ದಾನವೆಂದು ಬರೆಸುವುದು ಎಂಥ ದಾನ? ಅದರ ಕರ್ತೃ ಯಾರು, ಫಲ ಯಾರಿಗೆ? ಟ್ರಸ್ಟಿನ ಲೆಕ್ಕಪುಸ್ತಕದಲ್ಲಿಯೂ ಕೂಲಿ, ಮುಯ್ಯಿ, ದಾನ ಎಂದು ಮೂರು ಖಾತೆಗಳಿರಲಿ ಎಂಬುದು ನನ್ನ ವಿನಮ್ರ ಸೂಚನೆ. ಯಾವ ಹೆಸರು ಯಾವ ಖಾತೆಗೆ ಸೇರಬೇಕೆಂಬ ಸಂದೇಹ ಬಂದರೆ ಒಂದೇ ಪ್ರಶ್ನೆ ಸಾಕು: ಇವನು ಬರಲಾರೆ ಎಂದಿದ್ದರೆ ಇವನಿಗೆ ಏನಾಗುತ್ತಿತ್ತು?

ತಂತಿಯಿಲ್ಲದ ಮನೆ ಕಟ್ಟಿಕೊಂಡವರು ತಾವು ಯಾರ ಹಂಗಿನಲ್ಲಿಯೂ ಇಲ್ಲವೆಂದು ಹೇಳಿಕೊಳ್ಳುವುದುಂಟು. ನನಗೆ ಆದ ಅನುಭವ ಅದಕ್ಕೆ ವಿರುದ್ಧವಾದುದು. ಸೌರ ಫಲಕವನ್ನೂ ಬ್ಯಾಟರಿಯನ್ನೂ ಮಾಡಿದ ಕೈಗಳನ್ನು ನಾನು ಕಾಣಲಾರೆ. ಗೋಡೆ ಎತ್ತಿದ ಕೈಗಳನ್ನು ಬಲ್ಲೆ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಸೂತ್ರವನ್ನು, ಮಹಾವೀರ ಸ್ವಾಮಿಯ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974-75ರಲ್ಲಿ, ಎಲ್ಲ ಪಂಥಗಳೂ ಒಪ್ಪಿದ ಜೈನ ಲಾಂಛನದ ಕೆಳಗೆ ಬರೆಯಲಾಯಿತು. ಅದನ್ನು ನಾವು ಪತ್ರಿಕೆಗಳ ಮೇಲೆ, ಬಾಗಿಲುಗಳ ಮೇಲೆ ದಿನವೂ ನೋಡುತ್ತೇವೆ. ಉಪಕಾರವನ್ನು ಪಡೆಯುವಾಗ ಅದು ಉಪಕಾರವೋ, ವಿನಿಮಯವೋ, ಬಲವಂತವೋ ಎಂದು ಬೇರ್ಪಡಿಸಿ ನೋಡುವುದೂ ಆ ಸೂತ್ರದ ಪಾಲನೆಯೇ ಎಂದು ನಾನು ತಿಳಿಯುತ್ತೇನೆ.

ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮೃಗಶಿರಾ ಮಳೆಗೆ ಮುನ್ನ ಹೊಸ ಕರಲು ಮಣ್ಣು ಹಾಕಬೇಕು. ಇದು ಅದರ ಕೊರತೆಯೆಂದು ಸಿಮೆಂಟಿನ ಮನೆಯವರು ಹೇಳುತ್ತಾರೆ. ಒಂದು ದಿನದ ಕೆಲಸ. ಒಬ್ಬನಿಂದ ಆಗದು, ನಾಲ್ವರು ಬೇಕು. ಆದುದರಿಂದ ಮುಯ್ಯಿಯ ಖಾತೆ ಮುಗಿಯುವಂತಿಲ್ಲ. ಈ ವರ್ಷದ ಪುಟದಲ್ಲಿ ನಾನು ಒಕ್ಕಲಿಗ ಗೆಳೆಯರಿಗೆ ಮೂರು ದಿನ ಬಾಕಿಯಿದ್ದೇನೆ; ತೆನೆ ಬಲಿತ ಕೂಡಲೇ ತೀರಿಸಬೇಕು.